ರಾಫ್ಟ್ ತೇಲುತ್ತದೆಯೇ, ತೆರೆಯುತ್ತದೆಯೇ? ಹಡಗು–ಬೋಟುಗಳ ಜೀವರಕ್ಷಕ ಸಾಮಗ್ರಿಗಳ ದೋಷ ನಿವಾರಣೆ ಕೈಪಿಡಿ

ಎಂಜಿನ್ ಕೆಟ್ಟರೆ ಸದ್ದು ಬದಲಾಗುತ್ತದೆ, ಪಂಪ್ ಕೆಟ್ಟರೆ ನೀರು ನಿಲ್ಲುತ್ತದೆ. ಲೈಫ್‌ರಾಫ್ಟ್ (ಗಾಳಿ ತುಂಬಿ ತೇಲುವ ತುರ್ತು ತೆಪ್ಪ), ಲೈಫ್ ಜಾಕೆಟ್, ಈಪರ್ಬ್ (ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಉಪಕರಣ) ಮಾತ್ರ ಕೆಟ್ಟರೂ ತಮ್ಮ ಜಾಗದಲ್ಲಿ ಹಾಗೇ ಕೂತಿರುತ್ತವೆ. ಹಡಗು ಮುಳುಗುವ ಹೊತ್ತಿಗೆ ದೋಷ ಗೊತ್ತಾದರೆ ಸರಿಪಡಿಸಲು ಯಾರಿಗೂ ಸಮಯವಿರುವುದಿಲ್ಲ. ಆದ್ದರಿಂದ ಈ ಸಾಮಗ್ರಿಗಳಲ್ಲಿ ದೋಷವನ್ನು ನಾವೇ ಹುಡುಕಿಕೊಂಡು ಹೋಗಬೇಕು.

ನನ್ನ ಅನುಭವದಲ್ಲಿ ಬಹುಪಾಲು ದೋಷಗಳು ಸಾಮಗ್ರಿಯ ಒಳಗಿಗಿಂತ ಹೊರಗೇ ಇರುತ್ತವೆ. ತಪ್ಪು ಜಾಗಕ್ಕೆ ಕಟ್ಟಿದ ಹಗ್ಗ, ಮುಗಿದುಹೋದ ತಾರೀಖು, ಬೇಡದ ಕಡೆ ಬಳಿದ ಬಣ್ಣ. ಇವನ್ನು ಕಣ್ಣಿನಿಂದಲೇ ಹಿಡಿಯಬಹುದು, ಖರ್ಚು ಏನೂ ಇಲ್ಲ. ಒಳಗಿನ ದೋಷ ಹುಡುಕುವುದು ಮಾನ್ಯತೆ ಪಡೆದ ಸರ್ವಿಸ್ ಸ್ಟೇಷನ್‌ನ ಕೆಲಸ. ಯಾವುದು ನಿಮ್ಮ ಕೈಯದು, ಯಾವುದು ಅವರದು ಎಂಬ ಗೆರೆಯನ್ನು ಈ ಬರಹದ ಉದ್ದಕ್ಕೂ ಹೇಳುತ್ತಾ ಹೋಗುತ್ತೇನೆ.

ಇದನ್ನು ಬರೆಯುತ್ತಿರುವುದು ಹಡಗಿನಲ್ಲಿ ಈ ಸಾಮಗ್ರಿಗಳ ಹೊಣೆ ಹೊತ್ತ ಥರ್ಡ್ ಆಫೀಸರ್‌ಗಳಿಗೆ, ಹಾಗೆಯೇ ಮಲ್ಪೆ, ಮಂಗಳೂರು, ತದಡಿ, ಕಾರವಾರದ ಬೋಟು ಮಾಲೀಕರಿಗೆ ಮತ್ತು ಬೋಟು ನಡೆಸುವ ತಾಂಡೇಲರಿಗೆ. ಸೋಲಾಸ್ ಎಂಬ, ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳು ಮೀನುಗಾರಿಕಾ ಬೋಟುಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೂ ಅಲ್ಲಿ ಹೇಳಿದ ಪರೀಕ್ಷಾ ಕ್ರಮ ಬೋಟಿಗೂ ಅಷ್ಟೇ ಉಪಯುಕ್ತ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಬಲೆ ಹೊಲಿಯುವ, ಎಂಜಿನ್ ಬಿಚ್ಚುವ ಆ ದಿನಗಳಲ್ಲೇ ಈ ಕೆಲಸವನ್ನೂ ಮುಗಿಸಿಬಿಡಿ.

ಕೈ ಹಾಕುವ ಮುನ್ನ

ರಾಫ್ಟನ್ನು ಹಡಗಿಗೆ ಸೇರಿಸುವ ಪೇಂಟರ್ ಹಗ್ಗವನ್ನು "ಸ್ವಲ್ಪ ಎಳೆದು ನೋಡೋಣ" ಎಂದು ಎಂದಿಗೂ ಎಳೆಯಬೇಡಿ. ಹಗ್ಗ ಪೂರ್ತಿ ಹೊರಬಂದು ಕೊನೆಯ ಜಗ್ಗು ಬಿದ್ದರೆ ಒಳಗಿನ ಸಿಲಿಂಡರ್ ಬಿಡುಗಡೆಯಾಗಿ ಡೆಕ್ ಮೇಲೆಯೇ ರಾಫ್ಟ್ ಉಬ್ಬುತ್ತದೆ. ರಾಫ್ಟನ್ನು ಮಡಚಿಟ್ಟ ಗಟ್ಟಿ ಡಬ್ಬಿಯ, ಅಂದರೆ ಕ್ಯಾನಿಸ್ಟರಿನ, ಚಿಪ್ಪುಗಳು ಹಾರಿ ಹತ್ತಿರದಲ್ಲಿದ್ದವರ ಮೂಳೆ ಮುರಿಯಬಹುದು. ಕ್ಯಾನಿಸ್ಟರನ್ನು ಹಡಗಿನಲ್ಲಿ ತೆರೆಯುವಂತಿಲ್ಲ.

ಈಪರ್ಬ್‌ನಲ್ಲಿ ಟೆಸ್ಟ್ ಗುಂಡಿಯನ್ನು ಮಾತ್ರ ಮುಟ್ಟಿ. ಅವಧಿ ಮುಗಿದ ಸಂಕಟದ ಪಟಾಕಿಗಳನ್ನು (ನೆರವು ಕೋರಲು ಬಳಸುವ ರಾಕೆಟ್, ಕೈದೀಪ, ಹೊಗೆ ಡಬ್ಬಿ) ಹಾರಿಸಿ ಪರೀಕ್ಷಿಸಬೇಡಿ. ಲೈಫ್‌ಬೋಟಿನ ಹುಕ್ಕಿನ ಬಗ್ಗೆ ಅನುಮಾನ ಬಂದರೆ ಒಳಗೆ ಯಾರನ್ನೂ ಕೂರಿಸಬೇಡಿ.

ಲಕ್ಷಣ: ತಾರೀಖು ಮುಗಿದಿದೆ, ಅಥವಾ ಕಾಗದಕ್ಕೂ ವಸ್ತುವಿಗೂ ತಾಳೆಯಾಗುತ್ತಿಲ್ಲ

ಶುರುಮಾಡಬೇಕಾದದ್ದು ಇಲ್ಲಿಂದ. ಒಂದು ನೋಟ್‌ಬುಕ್ಕು, ಒಂದು ಟಾರ್ಚ್ ಸಾಕು. ಪ್ರತಿ ವಸ್ತುವಿನ ಮೇಲಿನ ಕ್ರಮಸಂಖ್ಯೆಯನ್ನು ಸರ್ಟಿಫಿಕೇಟಿನ ಜೊತೆ ಹೋಲಿಸಿ. ಸಂಖ್ಯೆ ಬೇರೆಯಾಗಿದ್ದರೆ ಆ ಸರ್ಟಿಫಿಕೇಟು ಈ ರಾಫ್ಟಿನದಲ್ಲ. ಸರ್ವಿಸಿಗೆ ಕೊಟ್ಟಾಗ ಅದಲುಬದಲಾಗಿರಬಹುದು, ಇಲ್ಲವೇ ತಾತ್ಕಾಲಿಕವಾಗಿ ಕೊಟ್ಟ ಬಾಡಿಗೆ ರಾಫ್ಟ್ ಹಾಗೇ ಉಳಿದುಹೋಗಿರಬಹುದು.

ಸೋಲಾಸ್‌ನ 3ನೇ ಅಧ್ಯಾಯದ 20ನೇ ನಿಯಮದಂತೆ ಗಾಳಿ ತುಂಬುವ ರಾಫ್ಟ್ ಮತ್ತು ಗಾಳಿ ತುಂಬುವ ಜಾಕೆಟ್‌ಗಳಿಗೆ 12 ತಿಂಗಳಿಗೊಮ್ಮೆ ಸರ್ವಿಸ್ ಆಗಬೇಕು. ಅದು ಸಾಧ್ಯವೇ ಆಗದ ಸಂದರ್ಭದಲ್ಲಿ ಧ್ವಜರಾಷ್ಟ್ರದ (ಹಡಗು ನೋಂದಣಿಯಾದ ದೇಶದ) ಆಡಳಿತ 17 ತಿಂಗಳವರೆಗೆ ಬಿಡುವು ಕೊಡಬಹುದು. ಗಮನಿಸಿ, ಬಿಡುವು ಕೊಡುವ ಅಧಿಕಾರ ಆಡಳಿತದ್ದು. ಕ್ಯಾಪ್ಟನ್‌ಗೂ ಕಂಪನಿಗೂ ಅದಿಲ್ಲ. "17 ತಿಂಗಳು ನಡೆಯುತ್ತದಂತೆ" ಎಂಬ ಮಾತು ಕೇಳಿಬಂದರೆ ಲಿಖಿತ ಅನುಮತಿ ಎಲ್ಲಿದೆ ಎಂದು ಕೇಳಿ. ಕೆಲವು ಹೊಸ ಮಾದರಿಯ ರಾಫ್ಟ್‌ಗಳಿಗೆ 30 ತಿಂಗಳವರೆಗಿನ ಸರ್ವಿಸ್ ಅಂತರಕ್ಕೆ ಒಪ್ಪಿಗೆ ಇದೆ. ಅದು ಆ ಮಾದರಿಯ ಕಾಗದದಲ್ಲೇ ಬರೆದಿರುತ್ತದೆ, ಊಹಿಸಿಕೊಳ್ಳುವ ವಿಷಯವಲ್ಲ.

ತಾರೀಖು ಮುಗಿದಿದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ. ಮೊದಲು ಸರ್ವಿಸಿಗೆ ಕಳಿಸಿ.

ಲಕ್ಷಣ: ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ ಹಡಗು ಮುಳುಗಿದರೆ ರಾಫ್ಟ್ ಬಿಡಿಸಿಕೊಳ್ಳುತ್ತದೆಯೇ ಎಂಬ ಖಾತ್ರಿಯಿಲ್ಲ

ಅತಿ ಹೆಚ್ಚು ತಪ್ಪುಗಳು ಸಿಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ರಾಫ್ಟನ್ನು ಕ್ರೇಡಲ್ ಎಂಬ ಪೀಠಕ್ಕೆ ಬಿಗಿದ ಪಟ್ಟಿ ಒಂದು ಸ್ಲಿಪ್ ಹುಕ್ಕಿಗೆ ಬಂದು ಸೇರುತ್ತದೆ. ಆ ಹುಕ್ಕು ಎಚ್‌ಆರ್‌ಯು (ಹೈಡ್ರೋಸ್ಟ್ಯಾಟಿಕ್ ರಿಲೀಸ್ ಯೂನಿಟ್) ಎಂಬ ಪುಟ್ಟ ಡಬ್ಬಿಯ ಮೇಲಿನ ಹಗ್ಗದ ಕುಣಿಕೆಗೆ ಸಿಕ್ಕಿರುತ್ತದೆ. ಎಚ್‌ಆರ್‌ಯು ಕೆಳಗಿನಿಂದ ಡೆಕ್ಕಿಗೆ ಭದ್ರವಾಗಿರುತ್ತದೆ. ಹಡಗು ಮುಳುಗಿ ಈ ಡಬ್ಬಿ 4 ಮೀಟರ್ ಆಳ ತಲುಪುವುದರೊಳಗೆ ನೀರಿನ ಒತ್ತಡ ಒಳಗಿನ ಚಾಕುವನ್ನು ಚಿಮ್ಮಿಸಿ ಕುಣಿಕೆಯನ್ನು ಕತ್ತರಿಸುತ್ತದೆ. ಪಟ್ಟಿ ಸಡಿಲಾಗಿ ಕ್ಯಾನಿಸ್ಟರ್ ಮೇಲಕ್ಕೆ ತೇಲುತ್ತದೆ. ಅದು ಮೇಲೇರಿದಂತೆ ಪೇಂಟರ್ ಹಗ್ಗ ಹೊರಬರುತ್ತಾ ಹೋಗಿ ಕೊನೆಗೆ ಬಿಗಿಯಾಗುತ್ತದೆ. ಮುಳುಗುತ್ತಿರುವ ಹಡಗು ಆ ಹಗ್ಗವನ್ನು ಜಗ್ಗಿದಾಗ ಗ್ಯಾಸ್ ಬಿಡುಗಡೆಯಾಗಿ ರಾಫ್ಟ್ ಉಬ್ಬುತ್ತದೆ. ಉಬ್ಬಿದ ರಾಫ್ಟಿನ ತೇಲುವ ಬಲಕ್ಕೆ ವೀಕ್ ಲಿಂಕ್ ಎಂಬ ದುರ್ಬಲ ಕೊಂಡಿ ಕಡಿದು ರಾಫ್ಟ್ ಸ್ವತಂತ್ರವಾಗುತ್ತದೆ. ಆ ಕೊಂಡಿ ಕಡಿಯುವ ಬಲ 2.2 ಕಿಲೋನ್ಯೂಟನ್, 0.4 ಹೆಚ್ಚುಕಡಿಮೆ ಇರಬಹುದು. ಅಂದರೆ ಸುಮಾರು 220 ಕಿಲೋ ತೂಕ ನೇತುಹಾಕಿದಷ್ಟು.

ಪೇಂಟರ್ ಹಗ್ಗಕ್ಕೆ ಹಾಗಾದರೆ ಎರಡು ಕೆಲಸ. ಒಮ್ಮೆ ಹಡಗಿಗೆ ಅಂಟಿಕೊಂಡಿದ್ದು ಜಗ್ಗಿಸಿಕೊಳ್ಳಬೇಕು, ಆಮೇಲೆ ಹಡಗನ್ನು ಬಿಟ್ಟುಬಿಡಬೇಕು. ಎರಡೂ ಆಗಬೇಕಾದರೆ ಹಗ್ಗದ ತುದಿ ವೀಕ್ ಲಿಂಕ್‌ಗೇ ಸೇರಿರಬೇಕು. ಬೆರಳಿಟ್ಟು ಹಗ್ಗವನ್ನು ಕ್ಯಾನಿಸ್ಟರಿನ ಬಾಯಿಂದ ಕೊನೆಯ ಗಂಟಿನವರೆಗೆ ಹಿಂಬಾಲಿಸಿ. ಜಗ್ಗಬೇಡಿ, ಮುಟ್ಟಿ ನೋಡಿದರೆ ಸಾಕು.

ತುದಿ ನೇರವಾಗಿ ಡೆಕ್ಕಿನ ಬಳೆಗೋ ರೇಲಿಂಗಿಗೋ ಕಟ್ಟಿದ್ದರೆ: ರಾಫ್ಟ್ ಉಬ್ಬುತ್ತದೆ, ಆದರೆ ಹಡಗು ಅದನ್ನು ತನ್ನ ಜೊತೆಗೇ ಕೆಳಕ್ಕೆ ಎಳೆಯುತ್ತದೆ.

ತುದಿ ಎಲ್ಲಿಗೂ ಕಟ್ಟಿಲ್ಲದಿದ್ದರೆ: ಕ್ಯಾನಿಸ್ಟರ್ ತೇಲುತ್ತದೆ, ತೆರೆಯುವುದಿಲ್ಲ. ಗಾಳಿಯ ಜೊತೆ ದೂರ ಸಾಗುತ್ತದೆ, ನೀರಿನಲ್ಲಿರುವವರಿಗೆ ಕೈಗೆ ಸಿಗುವುದಿಲ್ಲ.

ತುದಿಯನ್ನು ಸ್ಲಿಪ್ ಹುಕ್ಕಿಗೋ ಚಾಕು ಕತ್ತರಿಸುವ ಕುಣಿಕೆಗೋ ಕಟ್ಟಿದ್ದರೆ: ಕುಣಿಕೆ ಕಡಿದ ಕೂಡಲೇ ಪೇಂಟರೂ ಬಿಡುಗಡೆಯಾಗುತ್ತದೆ. ಮತ್ತೆ ಅದೇ ಕಥೆ, ತೇಲುವ ಆದರೆ ತೆರೆಯದ ಡಬ್ಬಿ. ಹುಕ್ಕು, ಕುಣಿಕೆ, ಕೊಂಡಿ ಎಲ್ಲ ಅಂಗೈಯಗಲ ಜಾಗದಲ್ಲಿ ಒತ್ತೊತ್ತಾಗಿರುವುದರಿಂದ ಈ ತಪ್ಪು ದೂರದಿಂದ ಕಾಣುವುದೇ ಇಲ್ಲ. ಮಂಡಿಯೂರಿ, ಟಾರ್ಚ್ ಹಿಡಿದು ನೋಡಬೇಕು.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆಗುವಂಥದ್ದು. ಕ್ಯಾನಿಸ್ಟರಿನ ಮೇಲೆ ಒಂದು ನೈಲಾನ್ ಹಗ್ಗ ಸುತ್ತಿ ಗಂಟು ಹಾಕಿರುತ್ತಾರೆ. ಕೇಳಿದರೆ, "ಗಾಳಿಗೆ ಹಾರಿಹೋದರೆ ಏನು ಮಾಡುದು ಮಾರಾಯ್ರೆ, ಅದಕ್ಕೇ ಒಂದು ಸುತ್ತು ಜಾಸ್ತಿ ಕಟ್ಟಿದ್ದು" ಎನ್ನುತ್ತಾರೆ. ಆ ಹಗ್ಗ ಎಚ್‌ಆರ್‌ಯು ಮೂಲಕ ಹೋಗದ ಕಾರಣ ಚಾಕು ತನ್ನ ಕೆಲಸ ಮಾಡಿದರೂ ರಾಫ್ಟ್ ಮೇಲೇಳುವುದಿಲ್ಲ. ಬಿಚ್ಚಿಸಿಬಿಡಿ. ಪಟ್ಟಿ ಸಡಿಲ ಎನಿಸಿದರೆ ಪಟ್ಟಿಯನ್ನೇ ಬಿಗಿ ಮಾಡಬೇಕು, ಎರಡನೇ ಹಗ್ಗ ಪರಿಹಾರವಲ್ಲ. ಸಾಗಣೆಗೆಂದು ಹಾಕಿದ, ಅಳವಡಿಸುವಾಗ ತೆಗೆಯಬೇಕೆಂದು ಬರೆದಿರುವ ಪಟ್ಟಿಗಳು ಹಾಗೇ ಉಳಿದಿದ್ದರೆ ಅವನ್ನೂ ತೆಗೆಯಿರಿ.

ಎಚ್‌ಆರ್‌ಯು ಮೇಲೆ ಬಣ್ಣ ಬಿದ್ದಿದೆಯೇ ನೋಡಿ. ಡೆಕ್ಕಿಗೆ ಬಣ್ಣ ಬಳಿಯುವಾಗ ಬ್ರಷ್ ಇದರ ಮೇಲೂ ಹಾದುಹೋಗಿರುತ್ತದೆ. ನೀರು ಒಳಹೋಗುವ ರಂಧ್ರ ಮುಚ್ಚಿದರೆ ಅದಕ್ಕೆ ಆಳದ ಒತ್ತಡ ಗೊತ್ತಾಗುವುದಿಲ್ಲ. ಬಣ್ಣ ಕೆರೆದು ಮುಂದುವರಿಸಬೇಡಿ, ಹೊಸದು ಹಾಕಿ. ಒಮ್ಮೆ ಬಳಸಿ ಬಿಸಾಡುವ ಮಾದರಿಗಳಲ್ಲಿ ಪ್ರಚಲಿತವಾದವುಗಳ ಆಯುಷ್ಯ ಅಳವಡಿಸಿದ ದಿನದಿಂದ 2 ವರ್ಷ. ಮೇಲಿನ ಲೇಬಲ್ಲಿನಲ್ಲಿ ತಿಂಗಳು ಮತ್ತು ವರ್ಷವನ್ನು ಗುರುತು ಮಾಡಿರಬೇಕು. ಗುರುತೇ ಇಲ್ಲದಿದ್ದರೆ ಅವಧಿ ಮುಗಿದಿದೆ ಎಂದೇ ಲೆಕ್ಕ. ಬಿಸಾಡುವ ಮಾದರಿಯಲ್ಲದ ಎಚ್‌ಆರ್‌ಯುಗೆ ರಾಫ್ಟಿನಂತೆಯೇ 12 ತಿಂಗಳಿಗೊಮ್ಮೆ ಸರ್ವಿಸ್ ಬೇಕು.

ಕೊನೆಯದಾಗಿ, ಕ್ಯಾನಿಸ್ಟರಿನ ಮೇಲೆ ಪೇಂಟರಿನ ಉದ್ದ ಬರೆದಿರುತ್ತದೆ. ರಾಫ್ಟ್ ಇಟ್ಟ ಜಾಗದಿಂದ, ಹಡಗು ಅತಿ ಹಗುರವಾಗಿದ್ದಾಗಿನ ನೀರಿನ ಮಟ್ಟಕ್ಕೆ ಎಷ್ಟು ದೂರವೋ ಅದಕ್ಕೆ 10 ಮೀಟರ್ ಸೇರಿಸಿ. ಆ ಮೊತ್ತ ಅಥವಾ 15 ಮೀಟರ್, ಎರಡರಲ್ಲಿ ಯಾವುದು ಹೆಚ್ಚೋ ಪೇಂಟರ್ ಕನಿಷ್ಠ ಅಷ್ಟಿರಬೇಕು. ಚಿಕ್ಕ ಹಡಗಿನಿಂದ ದೊಡ್ಡ ಹಡಗಿಗೆ ರಾಫ್ಟ್ ವರ್ಗಾಯಿಸಿದಾಗ ಈ ಲೆಕ್ಕ ತಪ್ಪುತ್ತದೆ.

ಲಕ್ಷಣ: ಕ್ಯಾನಿಸ್ಟರ್ ಬಿರುಕು, ನೀರು ಜಿನುಗುವುದು, ಬುಸ್ ಎಂಬ ಸದ್ದು

ಕೂದಲೆಳೆಯ ಗೀರು ಮೇಲ್ಪದರದಲ್ಲಷ್ಟೇ ಇದ್ದರೆ ಫೋಟೋ ತೆಗೆದು ತಾರೀಖು ಹಾಕಿಡಿ, ಮುಂದಿನ ತಿಂಗಳು ಹೋಲಿಸಿ. ಬಿರುಕಿನೊಳಗೆ ನಾರು ಕಾಣುತ್ತಿದ್ದರೆ ಅಥವಾ ಎರಡು ಚಿಪ್ಪು ಸೇರುವ ಅಂಚಿನ ರಬ್ಬರ್ ಹೊರಬಂದಿದ್ದರೆ ಉಪ್ಪುನೀರು ಒಳಸೇರಿರುವ ಸಾಧ್ಯತೆ ಹೆಚ್ಚು. ಫೈಬರ್ ಹಚ್ಚಿ ಮುಚ್ಚುವ ಯೋಚನೆ ಬೇಡ. ಹೊರಗಿನ ತೇಪೆ ಒಳಗಿನ ತೇವವನ್ನು ಹೊರಗೆ ಹಾಕುವುದಿಲ್ಲ, ಕ್ಯಾನಿಸ್ಟರ್ ಸರಿಯಾದ ಕಡೆ ಬಿಚ್ಚಿಕೊಳ್ಳದಂತೆಯೂ ಮಾಡಬಹುದು.

ತಳದ ರಂಧ್ರದಿಂದ ನೀರು ಹನಿಯುತ್ತಿದ್ದರೆ ಮೊದಲು ಕ್ಯಾನಿಸ್ಟರ್ ಯಾವ ಮಗ್ಗುಲಲ್ಲಿ ಕೂತಿದೆ ನೋಡಿ. ನೀರು ಬಸಿಯುವ ರಂಧ್ರಗಳು ಕೆಳಗಿರಬೇಕು. ತಿರುಗಿಸಿ ಇಟ್ಟಿದ್ದರೆ ಮಳೆಗಾಲವೆಲ್ಲ ನೀರು ಒಳಗೆ ನಿಂತು ರಾಫ್ಟಿನ ಬಟ್ಟೆ, ಅಂಟು, ಸಿಲಿಂಡರಿನ ತಲೆ ಎಲ್ಲವನ್ನೂ ಹಾಳುಮಾಡುತ್ತದೆ. ಸರಿಯಾಗಿ ಕೂರಿಸಿದರೂ ದಿನಗಟ್ಟಲೆ ನೀರು ಬರುತ್ತಲೇ ಇದ್ದರೆ ಸರ್ವಿಸ್ ದಿನಾಂಕಕ್ಕೆ ಕಾಯದೆ ಕಳಿಸಿ.

ಬುಸ್ ಎಂಬ ಸದ್ದು ಕೇಳಿಸಿದರೆ ಗ್ಯಾಸ್ ಸೋರುತ್ತಿದೆ. ಒಳಗಿರುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಸ್ವಲ್ಪ ನೈಟ್ರೋಜನ್. ಎಲ್ಲರನ್ನೂ ದೂರ ಕಳಿಸಿ, ಕ್ಯಾನಿಸ್ಟರಿನ ಮೇಲೆ ಬಾಗಬೇಡಿ. ಮುಚ್ಚಿದ ಕೋಣೆಯಲ್ಲಿದ್ದರೆ ಒಳಗೆ ಹೋಗಲೇಬೇಡಿ, ಉಸಿರುಗಟ್ಟುತ್ತದೆ. ಸದ್ದು ನಿಂತರೂ ಆ ರಾಫ್ಟ್ ಇನ್ನು ಲೆಕ್ಕಕ್ಕಿಲ್ಲ.

ನಿಜವಾದ ಅಪಾಯದಲ್ಲಿ ರಾಫ್ಟ್ ಉಬ್ಬಿದ ಮೇಲೆ ಕೇಳುವ ಸೀಟಿಯಂಥ ಸದ್ದಿಗೆ ಹೆದರಬೇಕಿಲ್ಲ. ಹೆಚ್ಚಾದ ಗ್ಯಾಸ್ ವಾಲ್ವಿನಿಂದ ಹೊರಹೋಗುತ್ತಿರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ. ರಾತ್ರಿಯ ತಂಪಿಗೆ ಟ್ಯೂಬ್ ಮೆತ್ತಗಾದರೆ ಒಳಗಿರುವ ಕೈಪಂಪಿನಿಂದ ಗಾಳಿ ತುಂಬಿಸಿ. ಇದನ್ನು ಸಿಬ್ಬಂದಿಗೆ ಮೊದಲೇ ಹೇಳಿಟ್ಟರೆ ಕತ್ತಲಲ್ಲಿ ಗಾಬರಿ ತಪ್ಪುತ್ತದೆ.

ಲಕ್ಷಣ: ಲೈಫ್ ಜಾಕೆಟ್ ಗಟ್ಟಿಯಾಗಿದೆ, ಕುಗ್ಗಿದೆ, ಅಥವಾ ಉಬ್ಬಿ ನಿಲ್ಲುವುದಿಲ್ಲ

ಫೋಮ್ ಜಾಕೆಟ್‌ಗೆ ಮೊದಲ ಪರೀಕ್ಷೆ ಕೈಯಿಂದಲೇ. ಹಿಂಡಿ ಬಿಡಿ. ಫೋಮ್ ಮೊದಲಿನ ದಪ್ಪಕ್ಕೆ ಮರಳಬೇಕು. ಬೆರಳಿನ ಗುರುತು ಉಳಿದರೆ, ಪುಡಿಪುಡಿಯಾದ ಸದ್ದು ಬಂದರೆ, ಅಥವಾ ಬಟ್ಟೆಯೊಳಗೆ ಫೋಮ್ ಕುಗ್ಗಿ ಓಡಾಡುತ್ತಿದ್ದರೆ ಆ ಜಾಕೆಟ್ ಬದಲಿಸಬೇಕು. ಎಂಜಿನ್ ರೂಮಿನ ಬಿಸಿ ಗೋಡೆಗೆ ಒತ್ತಿಟ್ಟದ್ದು, ದಿಂಬಿನಂತೆ ತಲೆಗೆ ಇಟ್ಟುಕೊಂಡದ್ದು, ಮೇಲೆ ಐಸ್ ಪೆಟ್ಟಿಗೆ ಪೇರಿಸಿದ್ದು ಇದಕ್ಕೆ ಸಾಮಾನ್ಯ ಕಾರಣಗಳು.

ಹೊಲಿಗೆ, ಪಟ್ಟಿ, ಬಕ್ಕಲ್ ಎಳೆದು ನೋಡಿ. ಬಿಸಿಲಿಗೆ ಬಣ್ಣ ಬಿಳಿಚಿದ ಬಟ್ಟೆಯನ್ನು ಬೆರಳಿನಿಂದ ತಿಕ್ಕಿದಾಗ ನೂಲು ಉದುರಿದರೆ ಅದರ ಬಲ ಹೋಗಿದೆ. ಸೀಟಿ ಊದಿ. ಬೆಳಕು ಮರಳಿಸುವ ಟೇಪಿನ ಮೇಲೆ ರಾತ್ರಿ ಟಾರ್ಚ್ ಬಿಡಿ. ಜಾಕೆಟ್ಟಿನ ದೀಪ ನೀರು ತಾಗಿದರೆ ಹೊತ್ತುವಂಥದ್ದು, ಸೋಲಾಸ್ ಮಾದರಿಯದು 8 ಗಂಟೆ ಉರಿಯಬೇಕು. ಆದ್ದರಿಂದ ಜಾಕೆಟ್ ತೊಳೆಯುವಾಗ ದೀಪ ಬಿಚ್ಚಿಡಿ. ಬ್ಯಾಟರಿಯ ತಾರೀಖು ದೀಪದ ಮೇಲೆಯೇ ಇದೆ.

ಬೋಟುಗಳಲ್ಲಿ ನಾನು ಕಾಣುವ ಇನ್ನೊಂದು ದೋಷವನ್ನು ಯಾವ ಸರ್ವಿಸ್ ಸ್ಟೇಷನ್ನೂ ಸರಿಮಾಡಲಾರದು. ಜಾಕೆಟ್‌ಗಳು ಪ್ಲಾಸ್ಟಿಕ್ ಕವರಿನಲ್ಲೇ, ಕ್ಯಾಬಿನ್ನಿನ ಒಳಗೆ, ಬಲೆಯ ರಾಶಿಯ ಹಿಂದೆ ಇರುತ್ತವೆ. ಇನ್‌ಸ್ಪೆಕ್ಷನ್‌ಗೆ ತೋರಿಸಲು ಸಾಕು, ಮುಳುಗುವ ಬೋಟಿನಲ್ಲಿ ಕೈಗೆ ಸಿಗುವುದಿಲ್ಲ. ಕವರು ಬಿಚ್ಚಿ, ಪ್ರತಿ ಕಲಾಸಿಗೆ (ಬೋಟಿನ ಕೆಲಸಗಾರನಿಗೆ) ಒಂದೊಂದು ಹಾಕಿಸಿ ಪಟ್ಟಿ ಅಳತೆ ಮಾಡಿ, ಕೈಗೆಟಕುವಲ್ಲಿ ತೂಗುಹಾಕಿ.

ಗಾಳಿ ತುಂಬುವ ಜಾಕೆಟ್ ಆದರೆ ಕಿಟಕಿಯಲ್ಲಿನ ಸೂಚಕ ಮೊದಲು ನೋಡಿ. ಹಸಿರಿದ್ದರೆ ಸಿದ್ಧವಾಗಿದೆ. ಕೆಂಪಿದ್ದರೆ ಒಮ್ಮೆ ಬಳಕೆಯಾಗಿದೆ, ಇಲ್ಲವೇ ಸರಿಯಾಗಿ ಕೂರಿಸಿಲ್ಲ. ಮುಂದಿನ ಹೆಜ್ಜೆ, ಸಿಲಿಂಡರ್ ಕೈಯಿಂದ ಬಿಗಿಯಾಗಿದೆಯೇ ನೋಡುವುದು. ಅಲುಗಾಟಕ್ಕೆ ಅದು ತಾನೇ ಸಡಿಲಾಗುತ್ತದೆ, ಸಡಿಲಾದರೆ ಸೂಜಿ ಅದರ ಮೂತಿಯನ್ನು ಚುಚ್ಚುವುದಿಲ್ಲ. ತಿರುಗಿಸಿ ಹೊರತೆಗೆದು ಮೂತಿ ನೋಡಿ, ತೂತಿದ್ದರೆ ಖಾಲಿ. ತೂತಿಲ್ಲದಿದ್ದರೆ ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗಿ, ಸಿಲಿಂಡರಿನ ಮೇಲೆ ಕೆತ್ತಿದ ಕನಿಷ್ಠ ತೂಕಕ್ಕೆ ಹೋಲಿಸಿ. ಕಡಿಮೆ ಬಂದರೆ ನಿಧಾನವಾಗಿ ಸೋರಿದೆ. ತುಕ್ಕು ಹಿಡಿದ ಸಿಲಿಂಡರನ್ನು ಉಜ್ಜಿ ಬಳಸಬೇಡಿ, ಆ ತುಕ್ಕು ಜಾಕೆಟ್ಟಿನ ಬಟ್ಟೆಯನ್ನೂ ತಿನ್ನುತ್ತದೆ. ನೀರು ತಾಗಿದರೆ ತಾನೇ ಉಬ್ಬುವ ಮಾದರಿಗಳಲ್ಲಿ ಕರಗುವ ಗುಳಿಗೆಗೂ ಅವಧಿಯಿದೆ.

ಸೋರಿಕೆಯ ಅನುಮಾನವಿದ್ದರೆ ಬಾಯಿನಳಿಕೆಯಿಂದ ಗಟ್ಟಿಯಾಗಿ ಊದಿ, ನೆರಳಿನ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ನಳಿಕೆ, ಹೊಲಿಗೆ, ಸಿಲಿಂಡರ್ ಕೂರುವ ಜಾಗಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ನಳಿಕೆಯ ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ ಸಿಹಿನೀರಿನಲ್ಲಿ ತೊಳೆದು ಮತ್ತೆ ಪರೀಕ್ಷಿಸಿ. ಗುಳ್ಳೆ ಬಟ್ಟೆಯಲ್ಲೋ ಅಂಟಿದ ಅಂಚಿನಲ್ಲೋ ಬಂದರೆ ಅಲ್ಲಿಗೆ ನಿಲ್ಲಿಸಿ. ಸೈಕಲ್ ಟ್ಯೂಬಿನ ತೇಪೆ ಇಲ್ಲಿ ಸಲ್ಲದು. ಬಾಯಿಂದ ಪೂರ್ತಿ ಊದಿದ ಜಾಕೆಟ್ಟಿನ ಸಿಲಿಂಡರ್ ದಾರವನ್ನು ಮಾತ್ರ ಎಳೆಯಬೇಡಿ, ಒಡೆಯುತ್ತದೆ. ಸೋಲಾಸ್ ಹಡಗಿನ ಜಾಕೆಟ್‌ಗಳಿಗೆ ನಿಮ್ಮ ಪರೀಕ್ಷೆ ವಾರ್ಷಿಕ ಸರ್ವಿಸಿನ ಬದಲಿಯಲ್ಲ.

ಲಕ್ಷಣ: ಲೈಫ್‌ಬಾಯ್ ಭಾರವಾಗಿದೆ, ಎಸೆದ ಹಗ್ಗ ಮುಳುಗುತ್ತದೆ

ನೀರಿಗೆ ಬಿದ್ದವರಿಗೆ ಎಸೆಯುವ ಬಳೆಯಾಕಾರದ ಲೈಫ್‌ಬಾಯ್ ಕನಿಷ್ಠ 2.5 ಕಿಲೋ ಇರಬೇಕು. ಮೇಲೆ ಬರೆದ ತೂಕಕ್ಕಿಂತ ಗಣನೀಯವಾಗಿ ಹೆಚ್ಚು ತೂಗಿದರೆ ಚಿಪ್ಪಿನ ಬಿರುಕಿನಿಂದ ಒಳಗೆ ನೀರು ಕುಡಿದಿದೆ. ಅಲುಗಿಸಿದರೆ ಸದ್ದೂ ಕೇಳಿಸಬಹುದು.

ಹಗ್ಗವನ್ನು ಒಂದು ಬಕೆಟ್ ನೀರಿಗೆ ಹಾಕಿ. ತೇಲಬೇಕು. ಮೂಲ ಹಗ್ಗ ಹಳತಾದಾಗ ಕೈಗೆ ಸಿಕ್ಕಿದ ನೈಲಾನ್ ಹಗ್ಗ ಕಟ್ಟುವುದು ಎಲ್ಲ ಕಡೆ ನಡೆಯುತ್ತದೆ. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ನೀರಿಗೆ ಬಿದ್ದವನ ಕೈಗೆ ಸಿಗುವ ಬದಲು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ, ಅದನ್ನೇ ಕಟ್ಟಿ. ಆದರೆ ಅದು ಬಿಸಿಲಿಗೆ ಬೇಗ ಗರಿಗರಿಯಾಗುವುದರಿಂದ ಪ್ರತಿ ಮಳೆಗಾಲದ ನಂತರ ಬಾಗಿಸಿ ನೋಡಬೇಕು.

ತಾನೇ ಹೊತ್ತುವ ದೀಪವನ್ನು ತಲೆಕೆಳಗಾಗಿ ತೂಗುಹಾಕಿರುತ್ತಾರೆ, ನೇರ ಮಾಡಿದರೆ ಹೊತ್ತಬೇಕು. ಹೊತ್ತದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಒಳಗಿನ ಹಸಿರು ತುಕ್ಕು. ಅದು ಕನಿಷ್ಠ 2 ಗಂಟೆ ಉರಿಯಬೇಕಾದ ದೀಪ, ಮಬ್ಬಾಗಿ ಹೊತ್ತಿದರೂ ಸಾಕೆಂದುಕೊಳ್ಳಬೇಡಿ.

ಲಕ್ಷಣ: ಈಪರ್ಬ್ ಟೆಸ್ಟಿನಲ್ಲಿ ತಪ್ಪು ಸೂಚನೆ, ಅಥವಾ ಯಾರೂ ಮುಟ್ಟದೆ ಸಂಕೇತ ಹೋಯಿತು

ಈಪರ್ಬ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕಳಿಸುವ ಕರೆ, ಭಾರತದಲ್ಲಿ ಬಂದು ಸೇರುವುದು ನಮ್ಮ ಬೆಂಗಳೂರಿಗೆ. ಇಸ್ರೋದ ಇಸ್‌ಟ್ರ್ಯಾಕ್ ಆವರಣದಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರ ಆ ಕರೆಯನ್ನು ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ದಾಟಿಸುತ್ತದೆ. ಈಪರ್ಬ್ ಯಾರದು ಎಂದು ಅವರಿಗೆ ತಿಳಿಯುವುದು ಅದರ 15 ಅಕ್ಷರಗಳ ಗುರುತುಸಂಖ್ಯೆಯಿಂದ. ಹಡಗು ಮಾರಾಟವಾಗಿ ಹೆಸರು ಬದಲಾದರೂ ನೋಂದಣಿ ಹಳೆಯದೇ ಇದ್ದರೆ, ಅವರು ಫೋನ್ ಮಾಡುವುದು ಹಳೆಯ ಮಾಲೀಕರಿಗೆ. ಆದ್ದರಿಂದ ಮೊದಲ ಪರೀಕ್ಷೆ ಲೇಬಲ್ಲಿನ ಸಂಖ್ಯೆ ಮತ್ತು ನೋಂದಣಿ ಕಾಗದದ ತಾಳೆ. ಖರ್ಚಿಲ್ಲದ ಪರೀಕ್ಷೆ, ಬಹಳ ಜನ ಮಾಡುವುದೇ ಇಲ್ಲ.

ಟೆಸ್ಟ್ ವಿಫಲವಾದರೆ ಬ್ಯಾಟರಿಯ ತಾರೀಖು ನೋಡಿ. ಪದೇಪದೇ ಟೆಸ್ಟ್ ಒತ್ತಿದರೂ ಅದು ಕರಗುತ್ತದೆ, ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಬಾರಿ ಬೇಡ. ದೀಪ ಎಷ್ಟು ಬಾರಿ ಮಿನುಗಿದರೆ ಏನರ್ಥ ಎಂಬುದು ಕಂಪನಿಗೊಂದು ರೀತಿ, ಕೈಪಿಡಿಯ ಪುಟವನ್ನು ಪಕ್ಕದಲ್ಲೇ ಅಂಟಿಸಿಡಿ. ಈಪರ್ಬನ್ನು ಬಿಚ್ಚಬೇಡಿ. ಒಳಗೆ ಲಿಥಿಯಂ ಬ್ಯಾಟರಿ, ಜೊತೆಗೆ ನೀರುಬಿಗಿ ರಬ್ಬರ್ ಒಮ್ಮೆ ಅಲುಗಿದರೆ ಮತ್ತೆ ಪರೀಕ್ಷಾಗಾರದಲ್ಲೇ ಕೂರಿಸಬೇಕು. ಹಡಗುಗಳಲ್ಲಿ ಇದಕ್ಕೆ ವಾರ್ಷಿಕ ಪರೀಕ್ಷೆಯೂ, 5 ವರ್ಷದೊಳಗೆ ದಡದ ಮಾನ್ಯ ಕೇಂದ್ರದಲ್ಲಿ ನಿರ್ವಹಣೆಯೂ ಕಡ್ಡಾಯ.

ತಾನಾಗಿ ಸಂಕೇತ ಹೋಗಲು ಸಾಮಾನ್ಯ ಕಾರಣವೊಂದಿದೆ. ಬ್ರಾಕೆಟ್ಟಿನಲ್ಲಿ ಕೂತಿರುವಷ್ಟು ಹೊತ್ತು ಅಲ್ಲಿನ ಅಯಸ್ಕಾಂತ ನೀರಿನ ಸ್ವಿಚ್ಚನ್ನು ತಡೆದಿರುತ್ತದೆ. ತೊಳೆಯಲೆಂದು ಹೊರತೆಗೆದು ಒದ್ದೆ ಜಾಗದಲ್ಲಿ ಇಟ್ಟರೆ ಈಪರ್ಬ್ ತಾನು ಕಡಲಿಗೆ ಬಿದ್ದಿದ್ದೇನೆ ಎಂದೇ ತಿಳಿಯುತ್ತದೆ. ಹಾಗಾದರೆ ಆಫ್ ಮಾಡಿ ಸುಮ್ಮನಾಗಬೇಡಿ, ಕೂಡಲೇ ಕೋಸ್ಟ್ ಗಾರ್ಡ್‌ಗೆ ತಿಳಿಸಿ. ಅವರ ಸಹಾಯವಾಣಿ 1554, ಕಡಲಿನಲ್ಲಾದರೆ ವಿಎಚ್‌ಎಫ್ ಚಾನೆಲ್ 16. ನಿಮ್ಮ ಒಂದು ಕರೆಯಿಂದ ಅವರ ಹಡಗು, ವಿಮಾನ ಬೇರೆ ಕಡೆಯ ನಿಜವಾದ ಸಂಕಟಕ್ಕೆ ಉಳಿಯುತ್ತದೆ.

ಈಪರ್ಬಿಗೂ ಒಂದು ಸ್ವಂತ ಎಚ್‌ಆರ್‌ಯು ಇರುತ್ತದೆ, ಅದರ ತಾರೀಖು ಮರೆಯಬೇಡಿ. ಅದರ ತೆಳು ಹಗ್ಗವನ್ನು ರೇಲಿಂಗಿಗೆ ಕಟ್ಟಿದ್ದರೆ ಬಿಚ್ಚಿ. ಆ ಹಗ್ಗ ರಾಫ್ಟಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದು. ಹಡಗಿಗೆ ಕಟ್ಟಿದರೆ ಹಡಗಿನ ಜೊತೆ ಮುಳುಗುತ್ತದೆ.

ಮೀನುಗಾರಿಕಾ ಬೋಟುಗಳಲ್ಲಿರುವ ಇಸ್ರೋದ ಡ್ಯಾಟ್ ಎಂಬ, ಸಂಕಟದ ಸಂಕೇತ ಕಳಿಸುವ ಉಪಕರಣಕ್ಕೂ ಇದೇ ಎಚ್ಚರ ಬೇಕು. ಆಕಾಶ ಕಾಣುವ ಜಾಗ, ನೆನೆಯದ ಚಾರ್ಜಿಂಗ್ ತಂತಿ, ಸರಿಯಾದ ನೋಂದಣಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಮೀನುಗಾರರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಸ್ಥಾನ ಗೊತ್ತಿಲ್ಲದೆ ಕಡಲಿನಲ್ಲಿ ಹುಡುಕುವುದು ಎಷ್ಟು ಕಷ್ಟವೆಂದು ಕರಾವಳಿಯ ಮನೆಗಳಿಗೆ ನಾನು ಹೇಳಬೇಕಾಗಿಲ್ಲ.

ಲಕ್ಷಣ: ಸಂಕಟದ ಪಟಾಕಿಗಳ ಮುಚ್ಚಳ ತುಕ್ಕು, ತೇವ, ಅಳಿಸಿದ ಬರಹ

ಇಲ್ಲಿ ರಿಪೇರಿ ಎಂಬುದೇ ಇಲ್ಲ. ಪ್ಯಾರಾಶೂಟ್ ರಾಕೆಟ್, ಕೈದೀಪ, ಹೊಗೆ ಡಬ್ಬಿ ಯಾವುದಾದರೂ ಸರಿ, ತಾರೀಖು ಮುಗಿದರೆ ಅಥವಾ ತೇವ ಕಂಡರೆ ಬೇರೆ ತೆಗೆದಿಡಿ. ಸಾಮಾನ್ಯವಾಗಿ ಇವುಗಳ ಆಯುಷ್ಯ 3 ವರ್ಷ. ಬಳಸುವ ಸೂಚನೆ ಓದಲಾಗದಷ್ಟು ಅಳಿಸಿದ್ದರೂ ಬದಲಿಸಬೇಕು, ಕತ್ತಲಲ್ಲಿ ಯಾವ ತುದಿ ಮೇಲೆ ಎಂದು ತಿಳಿಯದವರ ಕೈಯಲ್ಲಿ ರಾಕೆಟ್ ಅಪಾಯ. ಹಬ್ಬಕ್ಕೆ ಹಾರಿಸುವುದು, ಕಡಲಿಗೆ ಎಸೆಯುವುದು ಎರಡೂ ಬೇಡ. ಮಾರಿದವರಿಗೆ ಅಥವಾ ಬಂದರಿನ ಅಧಿಕಾರಿಗಳು ಹೇಳಿದಲ್ಲಿಗೆ ಒಪ್ಪಿಸಿ.

ಲಕ್ಷಣ: ಲೈಫ್‌ಬೋಟ್ ತಾನೇ ಇಳಿಯುತ್ತಿದೆ, ಹುಕ್ಕು ಪೂರ್ತಿ ಕೂರುತ್ತಿಲ್ಲ

ಕೂಡಲೇ ನಿಲ್ಲಿಸಿ. ವಿಂಚ್ ಬ್ರೇಕಿನ ಹಿಡಿಯನ್ನು ಕೈಬಿಟ್ಟು ಬ್ರೇಕ್ ಬಿದ್ದ ಮೇಲೂ ಬೋಟು ಇಂಚಿಂಚೇ ಜಾರುತ್ತಿದ್ದರೆ ಬ್ರೇಕ್ ಸವೆದಿದೆ ಅಥವಾ ಎಣ್ಣೆ ಹತ್ತಿದೆ. ಹುಕ್ಕಿನ ಗುರುತುಗಳು ಒಂದಕ್ಕೊಂದು ಸೇರದಿದ್ದರೆ ಅದು ಕೂತಂತೆ ಕಂಡರೂ ಕೂತಿಲ್ಲ. ಬೋಟನ್ನು ಇಳಿಸುವ ವೈರಿನ ಎಳೆ ಕಡಿದು ಎದ್ದಿದ್ದರೆ ವೈರ್ ಬದಲಿಸಬೇಕು. ಎಳೆ ಕಡಿಯದಿದ್ದರೂ 5 ವರ್ಷ ಮೀರಿ ಬಳಸುವಂತಿಲ್ಲ. ಬೋಟಿನೊಳಗೆ ಯಾರೂ ಇರಬಾರದು, ಕೆಳಗೆ ಯಾರೂ ನಿಲ್ಲಬಾರದು.

2020ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಸಿಬ್ಬಂದಿ ಮಾಡಬಹುದಾದ್ದು ವಾರದ ಮತ್ತು ತಿಂಗಳ ತಪಾಸಣೆ. ವಾರ್ಷಿಕ ಹಾಗೂ 5 ವರ್ಷದ ಪರೀಕ್ಷೆ, ಬಿಚ್ಚಿ ಜೋಡಿಸುವಿಕೆ, ರಿಪೇರಿ ಎಲ್ಲವನ್ನೂ ಆ ನಿರ್ದಿಷ್ಟ ತಯಾರಿಕೆಗೆ ಪ್ರಮಾಣಪತ್ರ ಪಡೆದ ತಂತ್ರಜ್ಞರೇ ಮಾಡಬೇಕು. ಲೈಫ್‌ಬೋಟ್ ಡ್ರಿಲ್‌ಗಳಲ್ಲೇ ಪ್ರಪಂಚದಾದ್ಯಂತ ನಾವಿಕರು ಸತ್ತಿದ್ದಾರೆ. ಆ ನಿಯಮ ಬಂದದ್ದೂ ಆ ಸಾವುಗಳಿಂದಲೇ.

ಲಕ್ಷಣ: ಸರ್ವಿಸ್ ಆಗಿ ಬಂದಿದೆ, ಆದರೆ ನಿಜಕ್ಕೂ ತೆರೆದು ನೋಡಿದ್ದಾರೆಯೇ ಎಂಬ ಅನುಮಾನ

ಮಾನ್ಯತೆ ಎಂದರೆ ಗೋಡೆಗೆ ತೂಗಿದ ಒಂದು ಕಾಗದ ಎಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1993ರ ಎ.761(18) ನಿರ್ಣಯದಲ್ಲಿ ರಾಫ್ಟ್ ಸರ್ವಿಸ್ ಸ್ಟೇಷನ್ ಹೇಗಿರಬೇಕೆಂದು ಹೇಳಿದೆ. ರಾಫ್ಟ್ ಪೂರ್ತಿ ಹರಡಿ ಉಬ್ಬಿಸುವಷ್ಟು ಸ್ವಚ್ಛ ಒಣ ಜಾಗ, ಅಳತೆ ತಾಳೆ ನೋಡಿದ ಒತ್ತಡ ಮಾಪಕಗಳು, ತಯಾರಕರ ಇತ್ತೀಚಿನ ಕೈಪಿಡಿ, ಅಸಲಿ ಬಿಡಿಭಾಗ, ತರಬೇತಿ ಪಡೆದ ಜನ. ಭಾರತದ ಧ್ವಜದ ಹಡಗುಗಳಿಗೆ ಈ ಒಪ್ಪಿಗೆ ಮುಂಬಯಿಯ ಡಿ.ಜಿ. ಶಿಪ್ಪಿಂಗ್‌ನದ್ದು, ವಿದೇಶಿ ಧ್ವಜದ ಹಡಗಾದರೆ ಆ ದೇಶದ ಆಡಳಿತದ್ದು. ಅದರ ಜೊತೆಗೆ ತಯಾರಕರ ಅನುಮತಿಯೂ ಬೇಕು. ಒಂದು ಕಂಪನಿಯ ರಾಫ್ಟಿಗೆ ಅನುಮತಿಯಿರುವ ಸ್ಟೇಷನ್ ಇನ್ನೊಂದು ಕಂಪನಿಯದನ್ನು ತೆರೆಯುವಂತಿಲ್ಲ. ಹಾಗಾಗಿ ರಾಫ್ಟ್ ಕಳಿಸುವ ಮುನ್ನ ಮೂರನ್ನು ಕೇಳಿ: ಯಾವ ಆಡಳಿತದ ಒಪ್ಪಿಗೆ, ಯಾವ ತಯಾರಕರದು, ಎಂದಿನವರೆಗೆ.

ಸರ್ವಿಸಿನಲ್ಲಿ ಏನಾಗಬೇಕು ಎಂದು ಗೊತ್ತಿದ್ದರೆ ಆಗದಿದ್ದದ್ದೂ ಕಾಣುತ್ತದೆ. ಪ್ರತಿ ವರ್ಷ ರಾಫ್ಟನ್ನು ಕೆಲಸದ ಒತ್ತಡಕ್ಕೆ ಉಬ್ಬಿಸಿ ಕನಿಷ್ಠ ಒಂದು ಗಂಟೆ ಬಿಡುತ್ತಾರೆ, ಒತ್ತಡ ಶೇಕಡಾ 5ಕ್ಕಿಂತ ಹೆಚ್ಚು ಇಳಿಯಬಾರದು. 5 ವರ್ಷಕ್ಕೊಮ್ಮೆ ಅದರದೇ ಗ್ಯಾಸ್ ಸಿಲಿಂಡರಿನಿಂದ ಉಬ್ಬಿಸಬೇಕು. 10ನೇ ವರ್ಷದಿಂದ ಹೆಚ್ಚಿನ ಒತ್ತಡದ ಪರೀಕ್ಷೆಯೂ ತಳದ ಹೊಲಿಗೆಯ ಪರೀಕ್ಷೆಯೂ ಸೇರಿಕೊಳ್ಳುತ್ತವೆ. ತಳದ ಪರೀಕ್ಷೆಯಲ್ಲಿ ಉಬ್ಬಿದ ರಾಫ್ಟನ್ನು ನೆಲದಿಂದ ಎತ್ತಿ ನಿಲ್ಲಿಸಿ, 75 ಕಿಲೋಗೆ ಕಡಿಮೆಯಿಲ್ಲದ ಒಬ್ಬರು ಒಳಗೆ ಅಂಚಿನುದ್ದಕ್ಕೂ ತೆವಳಿ ಸುತ್ತು ಹಾಕುತ್ತಾರೆ. ಹಳೆಯ ರಾಫ್ಟ್‌ಗಳಲ್ಲಿ ಅಂಟು ಬಿಡುವುದು ಅಲ್ಲೇ.

ಬೆಳಿಗ್ಗೆ ಒಯ್ದ ನಾಲ್ಕು ರಾಫ್ಟ್ ಮಧ್ಯಾಹ್ನದ ಊಟದೊಳಗೆ ಸರ್ಟಿಫಿಕೇಟಿನ ಜೊತೆ ವಾಪಸು ಬಂದರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಉಬ್ಬಿಸಿದ ಫೋಟೋ, ಒತ್ತಡದ ಓದುಗಳು, ಸಿಲಿಂಡರಿನ ತೂಕ ಕೇಳಿ. ಸಾಧ್ಯವಾದರೆ ಒಬ್ಬರನ್ನು ಸ್ಟೇಷನ್‌ಗೆ ಕಳಿಸಿ ಕ್ಯಾನಿಸ್ಟರ್ ತೆರೆಯುವಾಗ ನಿಲ್ಲಿಸಿ. ಹೊಸ ಸಿಬ್ಬಂದಿಗೆ ರಾಫ್ಟಿನ ಒಳಗನ್ನು ನೋಡುವ ಅವಕಾಶ ಬೇರೆಲ್ಲೂ ಸಿಗದು. ತೃಪ್ತಿಯಾಗುವ ಉತ್ತರ ಬರದಿದ್ದರೆ ಹಡಗು ತಪಾಸಣೆ ಮಾಡುವ ಸರ್ವೇಯರ್‌ಗೆ ತಿಳಿಸಿ, ಬೇರೆ ಸ್ಟೇಷನ್‌ನಲ್ಲಿ ಮತ್ತೆ ತೆರೆಸಿ. ಹಣ ಎರಡು ಬಾರಿ ಹೋಗುತ್ತದೆ, ಹೋಗಲಿ.

ರಾಫ್ಟ್ ಕೈಗೆ ಬಂದ ಮೇಲೆ ಸಹಿ ಹಾಕುವ ಮುನ್ನ ನೋಡಬೇಕಾದ್ದು: ಕ್ರಮಸಂಖ್ಯೆ, ಹೊಸ ಸರ್ವಿಸ್ ಲೇಬಲ್, ಮುಂದಿನ ದಿನಾಂಕ, ಕ್ಯಾನಿಸ್ಟರಿನ ಹೊಸ ಪಟ್ಟಿಗಳು, ಒಳಗಿನ ನೀರು, ಆಹಾರ, ಔಷಧಿ, ಪಟಾಕಿಗಳ ಅವಧಿಯ ಪಟ್ಟಿ. ಒಳಗಿನ ಯಾವುದೋ ಒಂದರ ಅವಧಿ ಮುಂದಿನ ಸರ್ವಿಸಿಗಿಂತ ಮೊದಲೇ ಮುಗಿಯುವಂತಿದ್ದರೆ ಈಗಲೇ ಬದಲಿಸಿಕೊಡಲು ಹೇಳಿ.

ಸ್ಟೇಷನ್‌ನವರು ಹೆಚ್ಚಾಗಿ ರಾಫ್ಟನ್ನು ಧಕ್ಕೆಯ ಮೇಲೆ ಇಳಿಸಿ ಹೋಗುತ್ತಾರೆ, ಕ್ರೇಡಲ್‌ನಲ್ಲಿ ಕಟ್ಟುವುದು ಹಡಗಿನವರು. ಕಟ್ಟಿದವರು ಬೇರೆ, ಪರೀಕ್ಷಿಸುವವರು ಬೇರೆ ಇರಲಿ. ಸ್ಲಿಪ್ ಹುಕ್ಕು, ಕುಣಿಕೆ, ವೀಕ್ ಲಿಂಕ್, ಪೇಂಟರಿನ ತುದಿ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹತ್ತಿರದಿಂದ ಫೋಟೋ ತೆಗೆದು, ಲಾಗ್‌ಬುಕ್ಕಿನಲ್ಲಿ ತಾರೀಖು ಮತ್ತು ಇಬ್ಬರ ಹೆಸರು ಬರೆದು, ಮುಂದೆ ಕೆಲಸಕ್ಕೆ ಬರುವವರಿಗೆ ಹ್ಯಾಂಡಿಂಗ್‌ ಓವರ್‌ ಕಾಗದದ ಜೊತೆ ಕೊಡಿ.